ಕಟ್ಟಿಗೆ ಡಿಪೋದವನ ನೋಟ

ಮಾತು ಕಡಿಮೆ ಮಾಡಿದರೆ ಮರ್ಯಾದೆ ಉಳಿಯುತ್ತದೆ ಎಂದುಕೊಂಡಿದ್ದೆ. ಉಳಿಯಲಿಲ್ಲ. ನನ್ನದು ಕಣ್ಣಿನಿಂದಲೇ ಹೋಗುತ್ತದೆ, ಇವತ್ತಿಗೂ.

ಅರಣ್ಯ ಇಲಾಖೆಗೆ ಸೇರಿದಾಗ ತರಬೇತಿಗೆ ಕಳಿಸಿದರು. ಅಲ್ಲಿನ ಪಾಠ ನಮ್ಮಜ್ಜ ಹುಡುಗನಿದ್ದಾಗ ಬ್ರಿಟಿಷರು ಬರೆದದ್ದು. ಮರ ಕಂಡರೆ ಬುಡದಿಂದ ತುದಿವರೆಗೆ ನೋಡು. ಉದ್ದ, ದಪ್ಪ ಕಣ್ಣಲ್ಲೇ ಅಳೆ. ರೋಗ ಇದೆಯೋ ಹೇಳು. ಕಟ್ಟಿಗೆ ಎಷ್ಟು ಬರುತ್ತದೆ ಹೇಳು. ಇಷ್ಟೇ. ಕಲಿತು ಬಂದೆ. ನಮ್ಮ ಕಡೆ ಕಾಡೆಲ್ಲಿದೆ? ಸಿಂಧನೂರಿನ ಕಟ್ಟಿಗೆ ಡಿಪೋಗೆ ಹಾಕಿದರು. ನೋಡಲು ಮರಗಳಿರಲಿಲ್ಲ. ಮನುಷ್ಯರಿದ್ದರು.

ಹೆಣ್ಣು ನೋಡಿದ್ದು

ಲಿಂಗಸುಗೂರಿಗೆ ಹೆಣ್ಣು ನೋಡಲು ಹೋದೆವು. ನನ್ನ ತಲೆಗೂದಲು ಆಗಲೇ ಉದುರತೊಡಗಿತ್ತು. ಹುಡುಗಿ ಚಹಾ ಕೊಟ್ಟು ಒಳಗೆ ಹೋದಳು. ಅವರಪ್ಪ, "ಹ್ಯಾಂಗ್ ಅನಸ್ತೈತ್ರಿ?" ಎಂದು ಕೇಳಿದರು.

"ಸೀದಾ ಬೆಳದೈತಿ," ಎಂದೆ. "ಗಂಟಿಲ್ಲ. ಹುಳ ಹತ್ತಿಲ್ಲ."

ನಮ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು.

"ಅಪ್ಪಾ, ಅವರದು ತುದಿ ಒಣಗಾಕತ್ತೈತಿ. ಇರಲಿ, ನಡೀತೈತಿ ಅಂತ ಹೇಳು."

ಮದುವೆಯಾಯಿತು.

ಸಾಲಗುಂದದ ರೈತ

ಡಿಪೋಗೆ ಬರುವವರು ಹೆಚ್ಚಾಗಿ ಸಾವಿನ ಮನೆಯವರು. ಹೆಣಕ್ಕೆ ತಕ್ಕಷ್ಟು ಕಟ್ಟಿಗೆ ತೂಗಿ ಕೊಡಬೇಕು. ಒಂದು ಬೆಳಿಗ್ಗೆ ಸಾಲಗುಂದದ ರೈತನೊಬ್ಬ ಬಂದ. ನಿದ್ದೆಗೆಟ್ಟ ಕಣ್ಣು, ಬಾಡಿದ ಮುಖ.

"ಮಗಳ ಸಲುವಾಗಿ ಕಟ್ಟಿಗಿ ಬೇಕಾಗಿತ್ರಿ."

ಆ ಮುಖ ನೋಡಲಾಗದೆ ತಕ್ಕಡಿ ಕಡೆ ತಿರುಗಿದೆ.

"ಉದ್ದ ಅದಾಳೋ, ಗಿಡ್ಡೋ?"

"ಉದ್ದನ ಅದಾಳ್ರಿ."

"ದಪ್ಪ?"

"ಇಲ್ರಿ, ಸಣ್ಣಾಕಿ. ಯಾಕ್ರಿ?"

"ಹಂಗಾರ ಕಡಿಮಿ ಸಾಕು."

ಆತ ನನ್ನನ್ನು ದಿಟ್ಟಿಸಿ ನೋಡಿದ. "ಯಜಮಾನ್ರ, ಮದುವಿ ಅಡಗಿಗ್ರೀ! ಆಕಿ ಸಣ್ಣ ಇದ್ರ ಏನಾತು? ಉಣ್ಣವರು ಬೀಗರು. ಅವರು ದಪ್ಪ ಅದಾರ!"

ದವಾಖಾನೆ

ನೌಕರಿಯಿಂದ ನಿವೃತ್ತನಾದೆ. ಕಣ್ಣು ಆಗಲಿಲ್ಲ. ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಹೋಗುವಂತಿಲ್ಲ. ಹೋದರೆ ಮನೆಯವರು ರೋಗಿಯ ಕಾಲು ಮಡಿಸಿಬಿಡುತ್ತಾರೆ, ನನಗೆ ಉದ್ದ ತಿಳಿಯಬಾರದೆಂದು.

ಹೋದ ತಿಂಗಳು ಮಸ್ಕಿಯ ನನ್ನ ದೋಸ್ತನನ್ನು ಸಿಂಧನೂರಿನ ದವಾಖಾನೆಗೆ ಸೇರಿಸಿದರು. ಜೊತೆಗೆ ಚಡ್ಡಿ ಹಾಕಿ ಶಾಲೆಗೆ ಹೋದವ. ಅನ್ನ ಬಿಟ್ಟಾನ, ಮಾತೂ ಬಿಟ್ಟಾನ ಎಂದರು. ಮನೆಯಲ್ಲಿ ಕೂರಲಾಗಲಿಲ್ಲ. ಹೋದೆ. ವಾರ್ಡಿನ ಬಾಗಿಲಲ್ಲಿ ಅವನ ಮಗ ಅಡ್ಡ ನಿಂತ.

"ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅಪ್ಪ ಧೈರ್ಯ ಬಿಡ್ತಾನ. ಇಲ್ಲಿಂದಾನೇ ಹೋಗ್ರಿ."

ನಾಚಿಕೆಯಾಯಿತು. ಆದರೂ ಹೋಗಲು ಕಾಲು ಬರಲಿಲ್ಲ.

"ಕಣ್ಣು ಮುಚ್ಚಿಕೊಂಡು ಬರ್ತೀನಿ," ಎಂದೆ.

ಅವನೇ ಕೈಹಿಡಿದು ಒಳಗೆ ಕರೆದೊಯ್ದ. ಮಂಚದ ಕಾಲು ನನ್ನ ಮೊಣಕಾಲಿಗೆ ಬಡಿಯಿತು. ಕಣ್ಣು ತೆರೆದುಬಿಟ್ಟೆ. ದೋಸ್ತ ಅರ್ಧ ಆಗಿದ್ದ. ನೋಟ ತಾನೇ ಕಾಲಿನಿಂದ ತಲೆವರೆಗೆ ಹೋಯಿತು. ತಲೆ ಮುಟ್ಟುವಷ್ಟರಲ್ಲಿ ಕಣ್ಣು ತುಂಬಿತ್ತು.

ಅವನು ಕಣ್ಣು ಬಿಟ್ಟ. ನನ್ನನ್ನು ನೋಡಿದ. ಒದರಿದ.

"ಲೇ! ಏನ್ ಅಳೀತಿ? ನಮ್ಮ ಮಂದ್ಯಾಗ ಹುಗೀತಾರಲೇ, ಸುಡೂದಿಲ್ಲ! ನಿನ್ನ ಡಿಪೋದ ಒಂದು ಚಕ್ಕಿನೂ ನನಗ ಬ್ಯಾಡ!"

"ಗೊತ್ತೈತಿ," ಎಂದೆ. "ಗಂಜಿ ಕುಡಿ."

"ಕುಡೀತೀನಿ! ನಿನ್ನ ಎದುರಿಗೇ ಕುಡೀತೀನಿ! ತಗೊಂಡ್ ಬಾರಲೇ!" ಎಂದು ಮಗನ ಮೇಲೆ ಹರಿಹಾಯ್ದ. ಎದ್ದು ಕೂತು ಬಟ್ಟಲು ಖಾಲಿ ಮಾಡಿದ.

ಇಡೀ ವಾರ್ಡು ನನ್ನನ್ನೇ ನೋಡುತ್ತಿತ್ತು. ತಲೆ ತಗ್ಗಿಸಿ ಹೊರಟೆ. ಬಾಜೂ ಮಂಚದಲ್ಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಅಜ್ಜ ಮಲಗಿದ್ದ. ನಾನು ಆ ಕಡೆ ತಿರುಗುವಷ್ಟರಲ್ಲಿ ಅವನ ಹೆಂಡತಿ ಎದ್ದು ಅಡ್ಡ ನಿಂತು ಕೈಮುಗಿದಳು.

"ಅಣ್ಣಾರ, ನಾವು ಸುಡೋ ಮಂದಿ ಅದೀವ್ರಿ. ದಯಮಾಡಿ ಆ ಕಡಿ ನೋಡ್ಕೋತ ಹೋಗ್ರಿ."