ಲೋಳೆಸರಕ್ಕೂ ಹೂವಾಗುತ್ತದೆ ಸ್ವಾಮಿ

ಗುಲಾಬಿ ಬೆಳೆಸುವವರನ್ನು ಯಾರೂ ಏನೂ ಕೇಳುವುದಿಲ್ಲ. ಲೋಳೆಸರ ಬೆಳೆಸುವವನ ಬಾಳು ಹಾಗಲ್ಲ, ಒಂದಲ್ಲ ಒಂದು ಫಜೀತಿ ಮನೆ ಹುಡುಕಿಕೊಂಡು ಬರುತ್ತಲೇ ಇರುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಲೋಳೆಸರ ಅಂದರೆ ತಲೆಗೆ ಹಚ್ಚುವುದು, ಸುಟ್ಟ ಗಾಯಕ್ಕೆ ಬಳಿಯುವುದು, ಇಲ್ಲವೇ ಬಾಗಿಲಿಗೆ ಕಟ್ಟುವುದು. ಅದು ಹೂ ಬಿಡುತ್ತದೆ, ಎಲೆಗಳ ನಡುವಿನಿಂದ ದಂಟು ಎದ್ದು ತುದಿಯಲ್ಲಿ ಕೊಳವೆಯಂಥ ಹೂಗಳು ಜೋತುಬೀಳುತ್ತವೆ, ಸೂರಕ್ಕಿ ಬಂದು ಜೇನು ಹೀರುತ್ತದೆ ಅಂತ ನಾನು ಹೇಳಿದರೆ, "ಅದರಿಂದ ಉಪಯೋಗ ಏನು ಸಾರ್?" ಅನ್ನುತ್ತಾರೆ. ನೋಡೋಕೆ ಅಂದರೆ ಹೂವನ್ನು ಬಿಟ್ಟು ನನ್ನನ್ನೇ ನೋಡುತ್ತಾರೆ.

ನಾನು ಹಳ್ಳಿಯೊಂದರ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಅಪ್ಪ ಇಲ್ಲ. ಮನೆಯಲ್ಲಿ ಅಮ್ಮ, ತಂಗಿ, ನಾನು, ಮತ್ತೆ ಅಂಗಳದ ತುಂಬ ಲೋಳೆಸರದ ಕುಂಡಗಳು.

ದೃಷ್ಟಿಗೆ ಕಟ್ಟಿದ್ದು

ಈ ಹುಚ್ಚು ಶುರುವಾಗಿದ್ದು ಅಮ್ಮನಿಂದ. ಈ ಮನೆಗೆ ಬಂದ ಹೊಸತರಲ್ಲಿ ಅಮ್ಮ ದೃಷ್ಟಿ ಆಗದಿರಲಿ ಅಂತ ಒಂದು ಲೋಳೆಸರವನ್ನು ಬೇರು ಮೇಲೆ, ಎಲೆ ಕೆಳಗೆ ಮಾಡಿ ಬಾಗಿಲ ಮೇಲೆ ನೇತುಹಾಕಿದ್ದರು. ಆಮೇಲೆ ಅದನ್ನು ನಾವೆಲ್ಲ ಮರೆತೇಬಿಟ್ಟೆವು. ಮಣ್ಣಿಲ್ಲ, ನೀರಿಲ್ಲ, ಎಲೆ ಸುಕ್ಕಾಗಿ ಹಗ್ಗದಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ನೋಡಿದರೆ ಅದರಿಂದ ಒಂದು ದಂಟು ಹೊರಟಿದೆ. ಕೆಳಗೆ ಇಳಿದದ್ದು ಅರ್ಧದಲ್ಲಿ ದಾರಿ ತಪ್ಪಿದೆ ಅಂತ ಗೊತ್ತಾದ ಹಾಗೆ ಬಾಗಿ, ಆಕಾಶದ ಕಡೆ ತಿರುಗಿಕೊಂಡಿದೆ. ವಾರದೊಳಗೆ ಅದರ ತುದಿಯಲ್ಲಿ ಹಳದಿ ಹೂ. ತಲೆಕೆಳಗಾಗಿ ನೇಣು ಹಾಕಿದರೂ ಹೂ ಬಿಟ್ಟ ಆ ಗಿಡದ ಛಲ ನೋಡಿ ನನಗೆ ಕಣ್ಣು ತುಂಬಿ ಬಂತು. ಬೀದಿಯವರೆಲ್ಲ ಬಂದು ನೋಡಿದರು. ಹಾಲಿನವನು ನೋಡಿದ, ಪಕ್ಕದ ಬೀದಿಯವರು ಮಕ್ಕಳನ್ನು ಎತ್ತಿಕೊಂಡು ಬಂದು ತೋರಿಸಿದರು. ಬಂದವರೆಲ್ಲ ಬಾಯ್ತುಂಬ ಹೊಗಳಿದರು.

ಮೂರನೇ ದಿನ ಅಮ್ಮ ನನ್ನನ್ನು ಒಳಗೆ ಕರೆದರು. ಮುಖದಲ್ಲಿ ನಿಜವಾದ ಚಿಂತೆ.

"ನೋಡಪ್ಪ, ಎಲ್ಲರ ಕಣ್ಣೂ ಆ ಗಿಡದ ಮೇಲೇ ಬೀಳ್ತಿದೆ. ಅದಕ್ಕೆ ದೃಷ್ಟಿ ಆಗೋಕೆ ಮುಂಚೆ ಒಂದು ನಿಂಬೆಹಣ್ಣು ತಂದು ಕಟ್ಟು."

ಕಟ್ಟಿದೆ.

ಹಲ್ಲುಜ್ಜುವ ಬ್ರಷ್ಷು

ಆ ಗಿಡವನ್ನು ಇಳಿಸಿ ಕುಂಡಕ್ಕೆ ಹಾಕಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಕೆಂಪು ಹೂವಿನದು, ಎಲೆಯ ಮೇಲೆ ಬಿಳಿ ಚುಕ್ಕಿ ಇರುವುದು, ಮುಳ್ಳು ಹಲ್ಲಿನ ಹಾಗಿರುವುದು, ಸಿಕ್ಕಿದ ಕಡೆಯಿಂದ ಎಲ್ಲ ತಂದೆ. ಹಿಂದೆಯೇ ಬಿಳಿ ಹಿಟ್ಟಿನಂಥ ಹುಳವೂ ಬಂತು.

ಔಷಧಿ ಹೊಡೆಯೋಣ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಬಂದು ನಿಂತರು. ಅವರದು ರೇಷ್ಮೆ ಹುಳು ಸಾಕುವ ಮನೆ, ಹುಳು ಮನೆಯ ಕಿಟಕಿ ನಮ್ಮ ಅಂಗಳಕ್ಕೇ ತೆರೆಯುತ್ತದೆ. ಗಾಳಿಯಲ್ಲಿ ಔಷಧಿ ವಾಸನೆ ಹೋದರೂ ಇಡೀ ಬೆಳೆ ಸತ್ತುಹೋಗುತ್ತದೆ ಅಂತ ಬಹಳ ಸಂಕೋಚದಿಂದ ಹೇಳಿದರು. ಹಾಗಾಗಿ ನಾನು ದಿನಾ ಬೆಳಿಗ್ಗೆ ಮಣೆ ಹಾಕಿಕೊಂಡು ಕೂತು, ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ, ಒಂದೊಂದೇ ಎಲೆ ಉಜ್ಜಲು ಶುರುಮಾಡಿದೆ. ಉಜ್ಜುವಾಗ ಮಾತಾಡಿಸುವ ಅಭ್ಯಾಸವೂ ಸ್ವಲ್ಪ ಇದೆ.

ಪಕ್ಕದ ಮನೆಯಾಕೆ ಇದನ್ನು ಕೆಲವು ದಿನ ನೋಡಿ, ಕೊನೆಗೆ ತಡೆಯಲಾರದೆ ಅಮ್ಮನ ಹತ್ತಿರ ಬಂದು, ನಿಮ್ಮ ಮಗನಿಗೆ ಆಫೀಸಿನಲ್ಲಿ ಏನಾದರೂ ಬೇಜಾರಾ ಅಂತ ಮೆಲ್ಲಗೆ ವಿಚಾರಿಸಿದರಂತೆ. ತನಗೆ ಗೊತ್ತಿರುವ ಒಬ್ಬ ಒಳ್ಳೆಯ ಡಾಕ್ಟರು ಗೌರಿಬಿದನೂರಿನಲ್ಲಿದ್ದಾರೆ, ಜೊತೆಗೆ ತಾನೇ ಬರುತ್ತೇನೆ ಅಂತಲೂ ಹೇಳಿದರಂತೆ. ಅಮ್ಮ ವಿಷಯ ಬಿಡಿಸಿ ಹೇಳಿದರು. ತಮ್ಮ ಹುಳುಗಳಿಗಾಗಿ ನಾನು ಇಷ್ಟು ಪಾಡು ಪಡುತ್ತಿದ್ದೇನೆ ಅಂತ ತಿಳಿದು ಆಕೆ ಹನಿಗಣ್ಣಾದರು.

ಮಾರನೇ ದಿನ ಆಕೆಯ ಗಂಡ ಕಾಂಪೌಂಡಿನ ಮೇಲಿಂದ ಕೈ ಚಾಚಿ ಹೊಸ ಬ್ರಷ್ಷು ಕೊಟ್ಟರು.

"ಇದು ಸಾಫ್ಟು ಸಾರ್. ವಸಡಿಗೆ ನೋವಾಗಲ್ಲ."

ಮೇಕೆಯವನು

ಲೋಳೆಸರದ ಬುಡದಲ್ಲಿ ಹುಟ್ಟುವ ಸಣ್ಣ ಗಿಡಗಳಿಗೆ ನಾವು ಮರಿ ಅನ್ನುತ್ತೇವೆ. ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಪಶು ಆಸ್ಪತ್ರೆಯಲ್ಲಿ ಇದೆ.

ಒಂದು ದಿನ ಆಂಧ್ರದ ಗಡಿ ಕಡೆಯ ಒಬ್ಬ ರೈತ ಗಬ್ಬದ ಮೇಕೆ ಹಿಡಿದುಕೊಂಡು ಬಂದಿದ್ದ. ಮೇವು ಬಿಟ್ಟಿದೆ ಅಂತ ಅವನ ಗೋಳು. ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದರು, ಕೂತ್ಕೊಳಪ್ಪ, ಬರ್ತಾರೆ ಅಂದೆ. ಅಷ್ಟರಲ್ಲಿ ಚಿಂತಾಮಣಿಯಿಂದ ನನ್ನಂಥದೇ ಹುಚ್ಚಿನ ಸ್ನೇಹಿತರೊಬ್ಬರು ಫೋನ್ ಮಾಡಿದರು. ಅವರ ಚುಕ್ಕಿ ಎಲೆಯ ಗಿಡ ಐದಾರು ಮರಿ ಹಾಕಿದೆ, ಏನು ಮಾಡಲಿ ಅಂತ. ನಾನು ಕಿಟಕಿಯ ಹತ್ತಿರ ನಿಂತು ಗಟ್ಟಿಯಾಗಿ, ವಿವರವಾಗಿ ಹೇಳಿದೆ. ತಾಯಿಗೆ ಒಂದು ವಾರ ನೀರು ಕೊಡಬೇಡಿ. ಆಮೇಲೆ ತಲೆಕೆಳಗೆ ಮಾಡಿ ಚೆನ್ನಾಗಿ ಒದರಿ, ಮರಿಗಳು ತಾನಾಗಿ ಬೀಳ್ತವೆ. ಬೀಳದಿದ್ದರೆ ಚಾಕು ತಗೊಂಡು ಕತ್ತರಿಸಿ. ಗಾಯಕ್ಕೆ ಅರಿಶಿನ ಮೆತ್ತಿ ನೆರಳಲ್ಲಿ ಒಣಗೋಕೆ ಇಡಿ. ತಾಯಿ ಕೊಳೆತಿದ್ದರೆ ಚಿಂತೆ ಬೇಡ, ತಿಪ್ಪೆಗೆ ಎಸೆಯಿರಿ.

ಫೋನ್ ಇಟ್ಟು ತಿರುಗಿದರೆ ಬೆಂಚು ಖಾಲಿ. ಅವನು ಮೇಕೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವುಚಿಕೊಂಡು ಗೇಟು ದಾಟುತ್ತಿದ್ದ. ನಾನು ಹಿಂದೆ ಓಡಿದೆ. ಅವನು ಇನ್ನೂ ಜೋರಾಗಿ ನಡೆದ.

"ವದ್ದು ಸಾರ್, ಬೇಡ. ಬಾಗಿಲಲ್ಲೇ ವಾಸಿ ಆಗೋಯ್ತು."

ಆಮೇಲೆ ಡಾಕ್ಟರನ್ನೇ ಅವನ ಮನೆಗೆ ಕರೆದುಕೊಂಡು ಹೋದೆ. ಮೇಕೆ ಅವಳಿ ಮರಿ ಹಾಕಿ ಸುಖವಾಗಿದೆ. ಅವನು ಮಾತ್ರ ನನಗೆ ಕಾಫಿ ಕೊಡುವಾಗಲೂ ಮೇಕೆಗೂ ನನಗೂ ನಡುವೆ ನಿಂತಿದ್ದ.

ಬೀಗರು

ತಂಗಿಗೆ ಎರಡು ಸಂಬಂಧ ಮಾತುಕತೆವರೆಗೂ ಬಂದು ತಪ್ಪಿದ್ದವು. ಅವಳು ಹೊರಗೆ ನಗುತ್ತಿದ್ದಳು, ಆದರೆ ಮೂರನೆಯವರು ಬರುತ್ತಾರೆ ಅಂದಾಗ ಸೀರೆ ಆರಿಸಲು ಮನಸ್ಸೇ ಮಾಡಲಿಲ್ಲ. ಅಮ್ಮ ನನಗೆ ಒಂದೇ ಮಾತು ಹೇಳಿದರು, ಅಂಗಳದಲ್ಲಿ ಒಂದೂ ಮುಳ್ಳಿನ ಗಿಡ ಕಾಣಬಾರದು. ಎಲ್ಲ ಕುಂಡಗಳನ್ನೂ ಮಹಡಿಗೆ ಹೊತ್ತೆ.

ಚಿಕ್ಕಬಳ್ಳಾಪುರದಿಂದ ಬಂದರು. ಹುಡುಗ ಒಳ್ಳೆಯವನ ಹಾಗೆ ಕಂಡ. ಹುಡುಗನ ತಂದೆ ಮಾತ್ರ ಫೋನ್ ಬಂತು ಅಂತ ಮಹಡಿಗೆ ಹೋದವರು ಬಹಳ ಹೊತ್ತು ಇಳಿಯಲಿಲ್ಲ. ಇಳಿದು ಬಂದವರು ಮುಖ ಗಂಟು ಹಾಕಿಕೊಂಡೇ ಕಾರು ಹತ್ತಿದರು. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನು ಬಾಡಿಹೋದೆ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ಹುಡುಗನ ತಂದೆಯೇ ಫೋನ್ ಮಾಡಿದರು. ಎಲ್ಲರಿಗೂ ಒಪ್ಪಿಗೆ, ಹುಡುಗನಿಗೆ ಅವತ್ತೇ ಒಪ್ಪಿಗೆಯಾಗಿತ್ತು, ಆದರೆ ಒಂದು ವಿಷಯ ಕೇಳಬೇಕು, ಕೇಳೋಕೆ ನಾಚಿಕೆ ಅಂದರು. ಅಮ್ಮ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. ವರದಕ್ಷಿಣೆ ಅಂದರೆ ನಾನು ಈ ಮದುವೆಗೆ ಒಲ್ಲೆ ಅಂತ ತಂಗಿ ಎದ್ದು ನಿಂತಳು.

"ಮಹಡಿ ಮೇಲೆ ಕಿತ್ತಳೆ ಬಣ್ಣದ ಹೂ ಬಿಟ್ಟಿರೋ ಲೋಳೆಸರ ಇದೆಯಲ್ಲಮ್ಮ, ಅಂಥದನ್ನ ನಾನು ಎಲ್ಲೂ ನೋಡಿಲ್ಲ. ಅದರದೊಂದು ಚಿಕ್ಕ ಗಿಡ ಸಿಗುತ್ತಾ?"

ಅಮ್ಮನಿಗೆ ಆದ ನಿರಾಳಕ್ಕೆ ಮೇರೆ ಇರಲಿಲ್ಲ. ಚಿಕ್ಕದು ಯಾಕಣ್ಣ, ಆ ದೊಡ್ಡ ಗಿಡಾನೇ ಹುಡುಗಿ ಜೊತೆ ಕಳಿಸ್ತೀವಿ ಅಂದುಬಿಟ್ಟರು. ಅದು ನನ್ನ ಹತ್ತಿರ ಇದ್ದದ್ದು ಒಂದೇ ಒಂದು. ಹೂ ನೋಡೋಕೆ ನಾನು ವರ್ಷಗಟ್ಟಲೆ ಕಾದಿದ್ದೆ.

ಮದುವೆ ಚೆನ್ನಾಗಿ ಆಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕಡೆ ತಂಗಿ, ಇನ್ನೊಂದು ಕಡೆ ಬೀಗರು, ಅವರ ತೊಡೆಯ ಮೇಲೆ ಆ ಕುಂಡ. ನಾನು ಕಿಟಕಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣನಿಗೆ ತಂಗಿ ಮೇಲೆ ಎಷ್ಟು ಜೀವ ನೋಡಿ ಅಂತ ನೆಂಟರೆಲ್ಲ ಕಣ್ಣೊರೆಸಿಕೊಂಡರು. ತಂಗಿಯೂ ಅಳುತ್ತಿದ್ದವಳು ನನ್ನ ಕಡೆ ಬಾಗಿ ಕಿವಿಯಲ್ಲಿ ಕೇಳಿದಳು.

"ನಿಜ ಹೇಳಣ್ಣ, ನೀನು ಅಳ್ತಿರೋದು ನನಗಾ, ಗಿಡಕ್ಕಾ?"

"ನಿನಗಾದ್ರೆ ಬಾಯಿದೆ ಕಣಮ್ಮ," ಅಂದೆ, "ಅದಕ್ಕೆ ನೀರು ಜಾಸ್ತಿ ಹಾಕಿದ್ರೂ ಸಾಕು ಅಂತ ಹೇಳೋಕೆ ಬರಲ್ಲ."

ಮದುವೆಯ ವಿಡಿಯೊದಲ್ಲಿ ಈಗಲೂ ನೋಡಬಹುದು. ನೆಂಟರೆಲ್ಲ ಅಳುತ್ತಿದ್ದಾರೆ, ಹೆಣ್ಣು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಬೀಗರು ಎರಡೂ ಕೈಯಲ್ಲಿ ಕುಂಡವನ್ನು ಬಿಗಿಯಾಗಿ ಹಿಡಿದು, ನಾನೆಲ್ಲಿ ವಾಪಸ್ ಕೇಳುತ್ತೇನೋ ಅಂತ ಕಾರು ಬೇಗ ಬಿಡಪ್ಪ ಅನ್ನುತ್ತಿದ್ದಾರೆ.