ಸ್ವಹಸ್ತರಾಯರು ಮೆಶ್ ಹಾಕಿದ್ದು

“ಇನ್ನು ಮೇಲೆ ನನ್ನ ಅಪ್ಪಣೆಯಿಲ್ಲದೆ ಈ ಮನೆಯೊಳಗೆ ಒಂದು ಸೊಳ್ಳೆ ಕೂಡ ಕಾಲಿಡಕೂಡದು!”

ಕೈಯಲ್ಲಿ ಸುತ್ತಿಗೆ ಹಿಡಿದು, ನಡುಮನೆಯಲ್ಲಿ ನಿಂತು ಸ್ವಹಸ್ತರಾಯರು ಹೀಗೆ ಘರ್ಜಿಸಿದಾಗ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಮಗಳು ಆಗಷ್ಟೇ ಕಾಲೇಜಿಗೆ ಹೋಗಿದ್ದಳು. ಹೆಂಡತಿ ತನ್ನ ತಂದೆಯ ಜೊತೆ ಆಸ್ಪತ್ರೆಯಲ್ಲಿದ್ದಳು. ಗೋಡೆಯ ಮೇಲಿದ್ದ ಹಲ್ಲಿಯೊಂದು ಮಾತ್ರ ಲೊಚಗುಟ್ಟಿತು. ರಾಯರು ಅದನ್ನು ಒಪ್ಪಿಗೆಯೆಂದೇ ತಿಳಿದರು.

ಸ್ವಹಸ್ತರಾಯರು ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಮಾವ ದಯಪಾಲಿಸಿದ ಬಿರುದು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ರಾಯರು ಅಲ್ಲಿದ್ದ ಮನೆ ದುರಸ್ತಿಯ ಪುಸ್ತಕಗಳನ್ನೆಲ್ಲ ಅರೆದು ಕುಡಿದಿದ್ದರು. ನಲ್ಲಿ ಸೋರಲಿ, ಫ್ಯಾನು ಕಿರುಗುಟ್ಟಲಿ, “ಯಾರನ್ನೂ ಕರೀಬೇಡಿ, ಸ್ವಹಸ್ತದಿಂದ ಮಾಡ್ತೀನಿ” ಅನ್ನುವರು. ಆಮೇಲೆ ನಲ್ಲಿಯವನ ಜೊತೆಗೆ ಗಾರೆಯವನನ್ನೂ ಕರೆಸಬೇಕಾಗುತ್ತಿತ್ತು, ಅಷ್ಟೆ.

ಈ ಸಲ ಕಿಡಿ ಹೊತ್ತಿಸಿದವಳು ಮಗಳು. ಹಿಂದಿನ ದಿನ ಅವಳು ಮುಖ ಗಂಟಿಕ್ಕಿಕೊಂಡು ಬಂದಿದ್ದಳು.

“ಅಪ್ಪಾ, ಮನೆಗೊಂದು ಮೆಶ್ ಹಾಕ್ಸೋಣ. ನನ್ನ ರೂಮಿಗೆ ಸರಿಯಾಗಿ ಬರೋದೇ ಇಲ್ಲ.”

“ಬರದೇ ಇದ್ರೆ ಒಳ್ಳೇದೇ ಅಲ್ವೇನೇ?”

“ಏನಪ್ಪಾ ಹೀಗಂತೀಯ! ಹಾಲ್‌ನಲ್ಲಿ ಅಷ್ಟು ಚೆನ್ನಾಗಿ ಬರುತ್ತೆ. ನನ್ನ ರೂಮು ಮುಟ್ಟೋ ಹೊತ್ತಿಗೆ ಸತ್ತೇ ಹೋಗಿರುತ್ತೆ.”

ಹಾಲಿನಿಂದ ರೂಮಿಗೆ ಹಾರುವಷ್ಟರಲ್ಲಿ ಸಾಯುವ ಸೊಳ್ಳೆ ಯಾವ ಜಾತಿಯದೋ ರಾಯರಿಗೆ ತಿಳಿಯಲಿಲ್ಲ. ಆದರೂ ಮಕ್ಕಳ ಮುಂದೆ ತಿಳಿಯದು ಅನ್ನಬಾರದಲ್ಲ! “ನಾಳೇನೇ ಹಾಕ್ತೀನಿ, ಸ್ವಹಸ್ತದಿಂದ!” ಅಂದರು. “ಅಪ್ಪಾ, ನಿನಗೆ ಅದೆಲ್ಲ ಗೊತ್ತಾ?” ಎಂದು ಮಗಳು ಕಣ್ಣರಳಿಸಿ ನೋಡಿದ ನೋಟಕ್ಕೆ ರಾಯರ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಅಂಗಡಿಯಿಂದ ಸ್ಟೀಲಿನ ಮೆಶ್‌ನ ಸುರುಳಿ ಬಂತು. ಅಡುಗೆಮನೆಯ ಕಿಟಕಿಗೆ ಮಾತ್ರ ಸ್ವಲ್ಪ ಸಾಲದೆ ಬಂತು. “ಇನ್ನೊಂದು ತುಂಡು ನೋಡಿ ಫೋನ್ ಮಾಡ್ತೀನಿ” ಎಂದಿದ್ದ ಅಂಗಡಿಯವ.

ಇತ್ತ ಮನೆಯಲ್ಲಿ ಅದಕ್ಕಿಂತ ದೊಡ್ಡ ವಿಷಯವೊಂದು ನಡೆದಿತ್ತು. ಕೆಳಗಿನ ಮನೆಯಲ್ಲೇ ವಾಸವಾಗಿದ್ದ ಮಾವನವರಿಗೆ ಹರ್ನಿಯಾ, ಹೊಟ್ಟೆಯ ಗೋಡೆ ತೂತಾಗಿ ಕರುಳು ಹೊರಗಿಣುಕುವ ಕಾಯಿಲೆ. ಜೀವಮಾನವೆಲ್ಲ ರೈಲಿನ ಎಂಜಿನ್ ಓಡಿಸಿದ ಗಟ್ಟಿಗ. ಕತ್ತಲ ಸುರಂಗಕ್ಕೆ ಹೆದರದವರು ಸೂಜಿಗೆ ಹೆದರುತ್ತಿದ್ದರು. “ಕರುಳು ಸಿಕ್ಕಿಹಾಕಿಕೊಂಡ್ರೆ ಪ್ರಾಣಕ್ಕೇ ಅಪಾಯ” ಎಂದು ಡಾಕ್ಟರಮ್ಮ ಎಚ್ಚರಿಸಿದ್ದರೂ ಇವತ್ತು ನಾಳೆ ಎಂದು ಜಾರಿಕೊಳ್ಳುತ್ತಲೇ ಇದ್ದರು. ಕೊನೆಗೆ ಅವರನ್ನು ಬಗ್ಗಿಸಿದ್ದು ಮಗಳು, ಅಂದರೆ ರಾಯರ ಹೆಂಡತಿ. ಆಕೆ ಟ್ರಾಫಿಕ್ ಇನ್ಸ್‌ಪೆಕ್ಟರ್. ರಸ್ತೆಯಲ್ಲಿ ಕೈ ಎತ್ತಿದರೆ ಲಾರಿಗಳು ನಿಲ್ಲುತ್ತಿದ್ದವು, ಮನೆಯಲ್ಲಿ ಹುಬ್ಬು ಎತ್ತಿದರೆ ಸಾಕಾಗುತ್ತಿತ್ತು. ಹೆಂಡತಿಯ ಈ ಪ್ರತಾಪದ ಬಗ್ಗೆ ರಾಯರಿಗೆ ಭಯವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆ ಇತ್ತು. ಅವತ್ತು ಮಧ್ಯಾಹ್ನವೇ ಆಪರೇಷನ್. “ನೀವು ಮನೇಲೇ ಇರಿ, ಏನೂ ಮಾಡ್ಬೇಡಿ” ಎಂದು ಆಕೆ ಹೇಳಿಹೋಗಿದ್ದಳು. ರಾಯರು ಅದರಲ್ಲಿ ಮೊದಲರ್ಧವನ್ನು ಅಕ್ಷರಶಃ ಪಾಲಿಸಿದರು.

ಅಡುಗೆಮನೆಯದೊಂದು ಬಿಟ್ಟು ಕಿಟಕಿಗಳೆಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಬಾಲ್ಕನಿಯ ಬಾಗಿಲು. ಪುಸ್ತಕದಲ್ಲಿ “ಮೆಶ್ಶನ್ನು ಹೊರಗಿನಿಂದ ಬಿಗಿಯತಕ್ಕದ್ದು” ಎಂದಿತ್ತು. ರಾಯರು ಬಾಲ್ಕನಿಗೆ ಹೋಗಿ, ಬಾಗಿಲ ಚೌಕಟ್ಟಿನ ತುಂಬ ಮೆಶ್ ಎಳೆದು ಹಿಡಿದು, ಮರದ ಪಟ್ಟಿ ಇಟ್ಟು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೊಡೆಯತೊಡಗಿದರು. ಕೊನೆಯ ಪಟ್ಟಿ ಹೊಡೆಯುತ್ತಿದ್ದಾಗ ಜೇಬಿನಲ್ಲಿ ಫೋನು ಕಿರುಚಿತು. ಆ ಕಡೆ ಹೆಣ್ಣು ದನಿ. ತಾನು ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಆಕೆ ಹೇಳುವ ಹೊತ್ತಿಗೆ ಸರಿಯಾಗಿ ಕೆಳಗೆ ಬಸ್ಸೊಂದು ಹಾರನ್ ಹೊಡೆಯಿತು.

“...ಮೆಶ್ ವಿಷ್ಯ ಸರ್. ಮಾಮೂಲಿದು ಹಾಕೋಣ್ವಾ, ಒಳ್ಳೇದೇ ಹಾಕೋಣ್ವಾ?”

ಅಂಗಡಿಯವರೇ! ರಾಯರು ಮೊಳೆಗಳನ್ನು ದವಡೆಗೆ ಸರಿಸಿಕೊಂಡರು. “ಒಳ್ಳೇದೇ ಇರ್ಲಿ. ಸ್ಟೀಲಿಂದೇ ಕೊಡಿ.”

“ಸ್ಟೀಲಾ?... ತೂತು ಜಾಸ್ತಿ ದೊಡ್ಡದಾಗಿದೆಯಾ ಸರ್? ಮೊದ್ಲಿಂದ ನೋಡಿದೋರು ನೀವಲ್ವಾ?”

“ಇಲಿ ಓಡಾಡ್ತಿದೆ ಅಂದ್ರೆ ನೀವೇ ಲೆಕ್ಕ ಹಾಕಿ!”

“ಇಲಿ?!”

“ಹಳೇದಲ್ವೇನಮ್ಮಾ, ಯಾರೂ ಕೈಹಾಕಿ ನೋಡಿಲ್ಲ. ಅಂಚೆಲ್ಲ ಗೆದ್ದಲು ಹಿಡಿದುಹೋಗಿದೆ.”

“ಸರ್, ನೀವು ಪೇಷಂಟ್‌ಗೆ ಏನಾಗ್ಬೇಕು?”

“ಪೇಂಟಾ? ಪೇಂಟು ಆಮೇಲೆ ಹೊಡೆಯೋಣ. ನೀವು ಬರೀ ಕತ್ತರಿಸಿ ಇಟ್ಟಿರಿ. ಮೊಳೆ ನಾನೇ ಬಂದು ಹೊಡೀತೀನಿ. ಸುತ್ತಿಗೆ ನನ್ನ ಹತ್ರಾನೇ ಇದೆ!”

ಲೈನು ಕಟ್ಟಾಯಿತು.

ಪಾಪ, ಫೋನ್ ಮಾಡಿದ್ದು ಆಸ್ಪತ್ರೆಯ ನರ್ಸಮ್ಮ, ಕೆಲಸಕ್ಕೆ ಹೊಸಬಳು. ಹರ್ನಿಯಾದ ತೂತು ಮುಚ್ಚಲು ಹಾಕುವ ಬಲೆಗೂ ಮೆಶ್ ಎಂದೇ ಹೆಸರು. ರಾಯರ ಹೆಂಡತಿ ಟೀ ಕುಡಿಯಲು ಕೆಳಗೆ ಹೋಗಿದ್ದರಿಂದ ಈ ನಂಬರಿಗೆ ಮಾಡಿದ್ದಳು. ಅದೂ ಹೋಗಲಿ ಎಂದರೆ, ಮಾವನವರ ಮಂಚದ ಪಕ್ಕದಲ್ಲೇ ನಿಂತು ಫೋನನ್ನು ಸ್ಪೀಕರಿಗೆ ಹಾಕಿದ್ದಳು! ಅಳಿಯನ ಅಮೃತವಾಣಿಯನ್ನು ಮಾವನವರು ಸ್ವಕರ್ಣದಿಂದ ಕೇಳಿದರು. ಕತ್ತರಿಸಿ ಇಡುವುದಂತೆ, ಮೊಳೆ ಹೊಡೆಯುವುದಂತೆ, ಮೇಲೆ ಪೇಂಟಂತೆ! ನರ್ಸಮ್ಮ ಡಾಕ್ಟರನ್ನು ಕರೆಯಲು ಓಡಿದಳು. ಮಾವನವರು ಆಸ್ಪತ್ರೆಯ ಗೌನಿನ ಮೇಲೆ ಅಂಗಿ ಏರಿಸಿ, ಬೇರೆ ದಿಕ್ಕಿಗೆ ಓಡಿದರು.

ಇದಾವುದೂ ಅರಿಯದ ರಾಯರು ಕೊನೆಯ ಮೊಳೆ ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದರು. ಆಹಾ! ಒಂದು ಸುಕ್ಕಿಲ್ಲ, ಒಂದು ಸಂದಿಲ್ಲ. ವೀಣೆಯ ತಂತಿಯ ಹಾಗೆ ಬಿಗಿದಿತ್ತು. ರಾಯರು ತಮ್ಮ ಕೃತಿಯನ್ನು ಅನಿಮೇಷರಾಗಿ, ಅಲ್ಲಲ್ಲ, ಅನಿ‘ಮೆಶ್’ರಾಗಿ ನೋಡುತ್ತ ನಿಂತರು. ಬಾಯಾರಿತು. ಮೇಜಿನ ಮೇಲಿದ್ದ ನೀರಿನ ತಂಬಿಗೆ ಮೆಶ್ಶಿನ ಆಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಕತ್ತರಿ, ಇಕ್ಕಳ.

ಆಚೆ!

ರಾಯರು ಮೆಶ್ಶಿಗೆ ಮೂಗು ಒತ್ತಿ ನಿಂತರು. ಒಂದು ಸೊಳ್ಳೆ ಹೋಗಲಾರದ ಕಡೆ ಒಬ್ಬ ಗ್ರಂಥಪಾಲಕ ಹೋಗುವುದುಂಟೆ? ಸುತ್ತಿಗೆಯ ಹಿಂಬದಿಯಿಂದ ಪಟ್ಟಿ ಕೀಳಲು ನೋಡಿದರು. ಅಷ್ಟು ಗಟ್ಟಿಯಾಗಿ ಅವರು ಬದುಕಿನಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಷ್ಟರಲ್ಲಿ ಕೆಳಗೆ ಆಟೋ ನಿಂತಿತು. ಇಳಿದವರು ಮಾವ! ಅಂಗಿಯ ಕೆಳಗೆ ಹಸಿರು ಗೌನು ಪಟಪಟ ಹಾರುತ್ತಿತ್ತು.

“ಅಳಿಯಂದ್ರೇ! ನನಗೆ ಮೊಳೆ ಹೊಡೀತೀರೇನ್ರೀ? ಧೈರ್ಯ ಇದ್ರೆ ಕೆಳಗೆ ಬನ್ನಿ!”

“ನಿಮಗಾ? ಅಯ್ಯೋ ಮಾವಾ, ನೀವು ಆಸ್ಪತ್ರೇಲಿ ಇರ್ಬೇಕಿತ್ತಲ್ವಾ?”

“ಬನ್ನಿ ಅಂದೆ!”

“ಬರೋಕ್ಕಾಗಲ್ಲ ಮಾವಾ.”

“ಯಾಕಂತೆ?”

“ಮೆಶ್ ಹಾಕ್ಬಿಟ್ಟಿದೀನಿ.”

ಮಾವ ತಲೆಯೆತ್ತಿ ನೋಡಿದರು. ಬಾಗಿಲಿಗೆ ಮೆಶ್, ಮೆಶ್ಶಿಗೆ ಪಟ್ಟಿ, ಪಟ್ಟಿಗೆ ಮೊಳೆ, ಇವೆಲ್ಲದರ ಈಚೆ ಸುತ್ತಿಗೆ ಹಿಡಿದ ಅಳಿಯ! ಮಾವನವರ ಮೀಸೆ ಮೊದಲು ನಡುಗಿತು. ಆಮೇಲೆ ಹೊಟ್ಟೆ ಕುಣಿಯಿತು. ಎಂಜಿನ್ ಶಿಳ್ಳೆ ಹಾಕಿದಂಥ ನಗು ಹೊರಟಿತು. ನಗುನಗುತ್ತಲೇ “ಅಮ್ಮಾ!” ಎಂದು ತೊಡೆಸಂದಿ ಹಿಡಿದುಕೊಂಡು ಗೇಟಿನ ಬಳಿ ಕುಸಿದು ಕುಳಿತರು. ಮುಖ ಬಿಳುಪೇರಿತು. ರಾಯರು ಬಾಲ್ಕನಿಯ ಕಂಬಿಯ ಮೇಲೆ ಅರ್ಧ ಬಾಗಿ ನೋಡಿದರು. ಇಳಿಯುವ ದಾರಿಯಿಲ್ಲ. “ಯಾರಾದ್ರೂ ಬನ್ನಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಬಂದದ್ದು ಹೆಂಡತಿಯ ಸ್ಕೂಟರು. ಖಾಲಿ ಮಂಚ ಕಂಡು, ಅಪ್ಪನ ಬೆನ್ನಟ್ಟಿ ಬಂದಿದ್ದಳು. ಒಂದು ನೋಟ ಕೆಳಗೆ, ಒಂದು ನೋಟ ಮೇಲೆ. ಹೊರಟಿದ್ದ ಆಟೋವನ್ನು ಕೈ ಎತ್ತಿ ನಿಲ್ಲಿಸಿ, ಅಪ್ಪನ ತೋಳಿಗೆ ಹೆಗಲು ಕೊಟ್ಟಳು. ಆ ಗಾಬರಿಯಲ್ಲೂ ರಾಯರು, ‘ಎಂಥ ಹೆಣ್ಣಪ್ಪಾ ನನ್ನ ಹೆಂಡತಿ!’ ಅಂದುಕೊಂಡರು.

“ಏಳಿ ಅಪ್ಪ, ಇನ್ನು ತಡ ಮಾಡೋ ಹಾಗಿಲ್ಲ.”

ಮಾವ ಹಲ್ಲು ಕಚ್ಚಿ ಅಂದರು: “ಬರ್ತೀನಮ್ಮಾ. ಆದ್ರೆ ಆಪರೇಷನ್ ಮುಗಿಯೋವರೆಗೂ ನಿನ್ನ ಗಂಡ ಅಲ್ಲೇ ಇರ್ಬೇಕು.”

ಹೆಂಡತಿ ಬಾಲ್ಕನಿಯತ್ತ ಅಂಗೈ ತೋರಿಸಿದಳು. “ರೀ, ನೀವು ಅಲ್ಲೇ ಸ್ಟಾಪ್!”

ಆಟೋ ಹೋಯಿತು. ರಾಯರು ನಿಂತರು. ಬಿಸಿಲು ಬಂತು, ನೆರಳು ಬಂತು. ಅವರ ಮನಸ್ಸೆಲ್ಲ ಆಪರೇಷನ್ ಕೋಣೆಯ ಬಾಗಿಲಲ್ಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಹೆಂಡತಿಯ ಫೋನು ಬಂತು. “ಅಪ್ಪ ಚೆನ್ನಾಗಿದಾರೆ. ಸರಿಯಾದ ಹೊತ್ತಿಗೆ ಬಂದ್ರಿ ಅಂದ್ರು ಡಾಕ್ಟ್ರು.” ರಾಯರು ಬಾಲ್ಕನಿಯ ಕಂಬಿ ಹಿಡಿದು, ಮಗುವಿನ ಹಾಗೆ ಅತ್ತುಬಿಟ್ಟರು.

ಕಾಲೇಜಿನಿಂದ ಬಂದ ಮಗಳು ಕತ್ತರಿ ಹಿಡಿದು ಮೆಶ್ಶಿನ ಆಚೆ ನಿಂತಳು.

“ಅಪ್ಪಾ, ಇದೇನಿದು?”

“ನೀನೇ ಕೇಳಿದ ಮೆಶ್ ಕಣೇ!”

“ನಾನು ಕೇಳಿದ್ದು ವೈಫೈ ಮೆಶ್ ಅಪ್ಪಾ! ಇಂಟರ್ನೆಟ್ ಎಲ್ಲಾ ರೂಮಿಗೂ ಬರಲಿ ಅಂತ ಅಲ್ಲಲ್ಲಿ ಒಂದೊಂದು ಪೆಟ್ಟಿಗೆ ಇಡ್ತಾರಲ್ಲ, ಅದು!” ನಗು ತಡೆದುಕೊಂಡು ಮೆಶ್ಶನ್ನು ಬೆರಳಿನಿಂದ ಮೀಟಿದಳು. “ಆದ್ರೆ ಒಂದ್ ಮಾತು. ಕೆಲಸ ಮಾತ್ರ ಸೂಪರ್. ಕತ್ತರಿಸೋಕೆ ಮನಸ್ಸೇ ಬರ್ತಿಲ್ಲ.”

ರಾಯರಿಗೆ ಆ ಮಾತೇ ನೀರು, ಅದೇ ನೆರಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾದರಿಗೆಂದು ಒಂದು ಬಿಳಿ ಚೂರನ್ನು ರಾಯರ ಅಂಗೈಗೆ ಹಾಕಿದರು. ಹೂವಿನ ಎಸಳಿಗಿಂತ ಹಗುರ. “ಇದೇ ಮೆಶ್. ಇದರ ತೂತುಗಳೊಳಗೇ ಮೈಯ ಮಾಂಸ ಬೆಳ್ಕೊಂಡು, ಇದನ್ನೇ ಹೆಣೆದುಕೊಂಡು ಗೋಡೆ ಆಗುತ್ತೆ. ಮೊಳೆ ಬೇಕಾಗಲ್ಲ” ಅಂದರು. ಕೊನೆಯ ಮಾತು ಹೇಳುವಾಗ ತುಟಿ ಕಚ್ಚಿಕೊಂಡರು. ರಾಯರು ಆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಮೆಶ್ ಸೊಳ್ಳೆಯನ್ನು ಆಚೆ ಇಡುತ್ತದೆ, ಇನ್ನೊಂದು ಮಗಳ ಕೋಣೆಗೆ ಲೋಕವನ್ನೇ ತರುತ್ತದೆ, ಇದು ಮಾವನವರನ್ನೇ ಉಳಿಸಿತು. ಬರೀ ಒಂದು ಬಲೆಯಿಂದ ಇಷ್ಟೆಲ್ಲ! ಯಾರದೋ ಕೈಕೆಲಸ ಕಂಡು ಮೊದಲ ಸಲ ರಾಯರಿಗೆ ‘ಇದನ್ನು ನಾನೇ ಮಾಡಬಲ್ಲೆ’ ಅನ್ನಿಸಲಿಲ್ಲ.

ಡಾಕ್ಟರಮ್ಮ ಮಾವನವರತ್ತ ತಿರುಗಿದರು. “ಸ್ವಲ್ಪ ದಿನ ಭಾರ ಎತ್ಬೇಡಿ. ಕೆಮ್ಮು, ಸೀನು, ನಗು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಳ್ಳಿ. ಇಲ್ಲಾಂದ್ರೆ ಹೊಲಿಗೆ ಎಳೆಯುತ್ತೆ.”

ಅವರು ಹೋದ ಮೇಲೆ ರಾಯರು ಮಂಚದ ಬಳಿ ಬಂದು ಕೈಕಟ್ಟಿ ನಿಂತರು. ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ಗಂಭೀರವಾದ ಕ್ಷಮಾಪಣೆಯನ್ನು ಹೇಳಲು ಗಂಟಲು ಸರಿಮಾಡಿಕೊಂಡರು.

“ಮಾವಾ, ನಿನ್ನೆ ಏನಾಯ್ತಪ್ಪಾ ಅಂದ್ರೆ...”

ಮಾವ ಗಾಬರಿಯಿಂದ ಮಗಳತ್ತ ಕೈಚಾಚಿದರು.

“ಅಮ್ಮಾ, ಅಳಿಯಂದ್ರು ಬಾಯಿ ತೆಗೆದ್ರು! ದಿಂಬು ಕೊಡೇ, ಬೇಗ!”