ಅನುಭವ ತಗೊಂಡು ಬಾ ಅಂದರು

ಮಾತು ನಿಂತುಹೋದವರ ಮನೆಯಲ್ಲಿ ನಗು ಬರುವಂಥದ್ದು ದಿನಾ ಏನಾದರೂ ನಡೆಯುತ್ತಲೇ ಇರುತ್ತದೆ. ನಗುವ ಸ್ಥಿತಿಯಲ್ಲಿ ಮಾತ್ರ ಯಾರೂ ಇರುವುದಿಲ್ಲ. ನಾನು ಮಾತು ಕಲಿಸುವ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವಳು. ನಿವೃತ್ತಿಯಾಗಿ ಕೂತಿರುವ ಈಗ ನೆನಪಿಗೆ ಬರುವುದು ಕೆಲಸಕ್ಕೆ ಸೇರಿದ ಮೇಲಿನದಲ್ಲ, ಅದಕ್ಕೂ ಮುಂಚಿನ ಒಂದು ಕೆಟ್ಟ ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಆ ವರ್ಷ ಅತ್ತಷ್ಟು ನಾನು ಆಮೇಲೆ ಯಾವತ್ತೂ ಅಳಲಿಲ್ಲ. ನಕ್ಕಿದ್ದೂ ಇದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು.

ಉಳಿದ ಮಾತು

ಅಪ್ಪ ಮದ್ದೂರಿನ ಕೋರ್ಟಿನಲ್ಲಿ ಜವಾನ. ಕೂಗುವುದೇ ಅವನ ಕೆಲಸ. ಒಳಗೆ ಗುಮಾಸ್ತರು ಹೆಸರನ್ನು ಮೆಲ್ಲಗೆ ಓದುತ್ತಾರೆ. ಬಾಗಿಲಲ್ಲಿ ನಿಂತ ಅಪ್ಪ ಅದನ್ನು ಮೂರು ಸಲ ಹೊರಕ್ಕೆ ಕೂಗಬೇಕು. ಮೂರನೇ ಕೂಗಿಗೂ ಹೆಸರಿನವನು ಬಾರದಿದ್ದರೆ ಅವನ ಕೇಸಿನ ಗತಿ ಅಷ್ಟೆ. ಹಾಗಾಗಿ ಅಪ್ಪ ಕೂಗುತ್ತಿದ್ದದ್ದು ಕೋರ್ಟಿನ ಅಂಗಳಕ್ಕಲ್ಲ, ಇಡೀ ಊರಿಗೆ. ಎದುರಿನ ಹೋಟೆಲಿನಲ್ಲಿ ವಡೆ ಬಾಯಿಗಿಟ್ಟವನು ವಡೆ ಸಮೇತ ಓಡಿ ಬರುತ್ತಿದ್ದ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಮನೆಯಲ್ಲಿ ದನಿ ಎತ್ತಿದವನಲ್ಲ, ಯಾರಿಗೂ ಒಂದು ಕೆಟ್ಟ ಮಾತು ಅಂದವನಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ಕುಸಿದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಎಲ್ಲ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಸ್ವಲ್ಪ ಆಡಿತು, ಕೋಲೂರಿಕೊಂಡು ನಡೆದ. ಮಾತಿನಲ್ಲಿ ವಾಪಸ್ ಬಂದದ್ದು ಒಂದೇ: "ಬಡ್ಡೀಮಗ್ನೆ."

ಮಿದುಳಿಗೆ ಪೆಟ್ಟಾದ ಕೆಲವರಲ್ಲಿ ಹೀಗೆ ಬೈಗುಳವೊಂದೇ ಉಳಿಯುವುದುಂಟು ಅಂತ ನಾನು ಓದಿ ತಿಳಿದದ್ದು ಆಮೇಲೆ. ಆಗ ನಮಗೆ ಗೊತ್ತಿದ್ದದ್ದು ಇಷ್ಟು: ನೀರು ಬೇಕಾದರೂ ಅದೇ, ಸಾಕು ಅನ್ನುವುದಕ್ಕೂ ಅದೇ, ಅವ್ವನ ಮುಖ ನೋಡಿ ಕಣ್ಣು ತುಂಬಿಕೊಂಡಾಗಲೂ ಅದೇ.

ಅಪ್ಪನನ್ನು ನೋಡಲು ಕೋರ್ಟಿನ ನ್ಯಾಯಾಧೀಶರಾದ ಮುನ್ಸೀಫರು ತಾವಾಗಿ ಮನೆಗೆ ಬಂದರು. ನಮ್ಮಂಥವರ ಮನೆಗೆ ಅಂಥವರು ಬರುವುದೆಂದರೆ ಸಾಮಾನ್ಯವಲ್ಲ. ಅವ್ವ ಚಾಪೆ ಕೊಡವಿ ಹಾಸಿದಳು. ಅಪ್ಪ ಕಷ್ಟಪಟ್ಟು ಎದ್ದು ನಿಂತು, ಎಡಗೈ ಹಣೆಗೆ ತಂದು, ಬಹಳ ಗೌರವದಿಂದ, "ಬಡ್ಡೀಮಗ್ನೆ" ಅಂದ.

ಅವ್ವ ಒಂದು ಕ್ಷಣವೂ ತಡಮಾಡಲಿಲ್ಲ. "ನಮಸ್ಕಾರ ಅಂತಾವ್ರೆ ಸ್ವಾಮಿ."

ಮುನ್ಸೀಫರು ದೊಡ್ಡ ಮನುಷ್ಯರು, ಕೈ ಮುಗಿದರು. ಕಾಫಿ ಕುಡಿದು ಹೊರಡುವಾಗ ಮಾತ್ರ ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು: "ಅಲ್ಲಮ್ಮ, ಇಷ್ಟು ವರ್ಷ ದಿನಾ ಬೆಳಿಗ್ಗೆ ನನಗೆ ಮಾಡ್ತಿದ್ದನಲ್ಲ ನಮಸ್ಕಾರ, ಅದೂ ಇದೇನಾ?"

ದುಃಖ ಬೇರೆ

ಮೈಸೂರಿನಲ್ಲಿ ಮಾತಿನ ತೊಂದರೆ ಸರಿಮಾಡುವ ಓದು ಇದೆ ಅಂತ ಯಾರೋ ಹೇಳಿದರು. ಪಿಯುಸಿ ಮುಗಿಸಿದ್ದ ನಾನು ಅರ್ಜಿ ಹಾಕಿದೆ. ನನಗೆ ಡಿಗ್ರಿಯ ಹುಚ್ಚಿರಲಿಲ್ಲ. ಅಪ್ಪನ ಬಾಯಲ್ಲಿ ಒಂದೇ ಒಂದು ಸಲ ನನ್ನ ಹೆಸರು ಕೇಳಬೇಕಿತ್ತು, ಅಷ್ಟೆ.

ಸಂದರ್ಶನದಲ್ಲಿ ನಡುವೆ ಕೂತಿದ್ದ ಹಿರಿಯ ಪ್ರೊಫೆಸರು, "ಈ ಕೆಲಸದಲ್ಲಿ ಅನುಭವ ಏನಿದೆಯಮ್ಮ?" ಅಂದರು.

"ನಮ್ಮಪ್ಪನಿಗೆ ಮಾತಿಲ್ಲ ಸಾರ್" ಅಂದೆ. ಆಮೇಲೆ ಏನು ಕೇಳಿದರೂ ಬರೀ ಅಳು.

ಅವರು ಬೈಯಲಿಲ್ಲ. "ಅದು ದುಃಖ ಕಣಮ್ಮ, ಅನುಭವ ಅಲ್ಲ. ಮಾತಿನ ತೊಂದರೆ ಇರೋರ ಹತ್ರ ಹೋಗಿ ಕೂತ್ಕೊ. ಕಲಿಸೋಕೆ ಹೋಗಬೇಡ, ನೋಡು. ಬರೋ ವರ್ಷ ಬಾ" ಅಂದರು.

ಬಸ್ಸಿನುದ್ದಕ್ಕೂ ಅತ್ತುಕೊಂಡು ಬಂದ ನನ್ನನ್ನು ನೋಡಿ ಅವ್ವನಿಗೆ ಆಶ್ಚರ್ಯ. "ಅನುಬವ ತಾನೆ ಕೇಳಿರಾದು? ಅದುಕ್ಯಾಕವ್ವ ಅಳ್ತೀಯೆ? ಸಂತೇಲಿ ಒಂದ್ ಮಾತು ಯೋಳುದ್ರೆ ಗಾಡೀಲಿ ತುಂಬ್ಕೊಟ್ಟಾರು, ಬುಡು."

ಔಷಧಿ

ಅವ್ವ ಸಂತೆಯಲ್ಲಿ ಹೇಳಿದಳು. ನಮ್ಮ ಹುಡುಗಿ ಮಾತಿನ ವಿದ್ಯೆ ಕಲೀತಾಳೆ, ಮಾತಿನ ತೊಂದರೆ ಇರೋರು ಬನ್ನಿ ಅಂತ. ಮೊದಲು ಬಂದವರು ಕೆರಗೋಡಿನ ಕಡೆಯ ಒಬ್ಬ ಅತ್ತೆ, ಸೊಸೆಯ ರಟ್ಟೆ ಹಿಡಿದುಕೊಂಡು.

"ಇವ್ಳುಗೆ ಮಾತು ಜಾಸ್ತಿ ಕಣವ್ವ. ಕಮ್ಮಿ ಮಾಡು" ಅಂದರು.

ಮಾತು ಬರಿಸುವುದೇ ಗೊತ್ತಿಲ್ಲದವಳು, ನಿಲ್ಲಿಸುವುದನ್ನು ಎಲ್ಲಿಂದ ತರಲಿ? ಪ್ರೊಫೆಸರು ನೋಡು ಅಂದಿದ್ದರಲ್ಲ, ಸುಮ್ಮನೆ ನೋಡುತ್ತಾ ಕೂತೆ. ಅತ್ತೆ ಸೊಸೆಯ ಬಾಯಿಯ ಬಗ್ಗೆ ಹೇಳಿದರು, ಅವಳ ತವರಿನವರ ಬಾಯಿಯ ಬಗ್ಗೆ ಹೇಳಿದರು, ಬಸ್ಸಿನಲ್ಲಿ ಕಂಡಕ್ಟರ್ ಆಡಿದ್ದನ್ನೂ ತಾವು ತಿರುಗಿಸಿ ಕೊಟ್ಟಿದ್ದನ್ನೂ ಹೇಳಿದರು. ಬಿಸಿಲು ಜಗುಲಿಯಿಂದ ಅಂಗಳಕ್ಕೆ ಇಳಿಯಿತು. ಸೊಸೆ ತುಟಿ ಬಿಚ್ಚಲಿಲ್ಲ.

ಕೊನೆಗೆ ಗಂಟಲು ಒಣಗಿ ಅತ್ತೆ ನೀರಿಗೆಂದು ಒಳಗೆ ಹೋದರು. ಸೊಸೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕಾ, ಅಂತ ಔಸ್ದಿ ಇದ್ರೆ ಕೊಡಿ. ಅತ್ತೆ ಕಾಪಿಗೆ ನಾನೇ ಆಕ್ತೀನಿ."

ಮಳವಳ್ಳಿಯ ಅಜ್ಜಿ

ಮಳವಳ್ಳಿಯಲ್ಲಿ ಅವ್ವನ ಕಡೆಯ ನೆಂಟರ ಮನೆ. ಮೂರು ತುಂಬಿದ ಮೊಮ್ಮಗ, ಕಿವಿ ಚುರುಕು, ಮಾತಿಲ್ಲ. ಅಜ್ಜಿ ದಿನಾ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದರು. ಮಾತು ಬಂದರೆ ಗಂಟೆ ಕಟ್ಟಿಸುತ್ತೇನೆ ಅಂತ ಊರಮ್ಮನಿಗೆ ಹರಕೆಯನ್ನೂ ಹೊತ್ತಿದ್ದರು.

ನಾನು ಹೋಗಿ ಕೂತು ನೋಡಿದೆ. ಮಗು ನೀರಿನ ಮಡಕೆಯತ್ತ ಕಣ್ಣು ಹಾಯಿಸಿದರೆ ಸಾಕು, "ನೀರು ಬೇಕಾ ನನ್ನಪ್ಪಾ" ಅಂತ ಅಜ್ಜಿ ಲೋಟ ಹಿಡಿದು ನಿಂತಿರುತ್ತಿದ್ದರು. ಬೆಲ್ಲದ ಡಬ್ಬಿ ನೋಡಿದರೆ ಬೆಲ್ಲ, ಬಾಗಿಲು ನೋಡಿದರೆ ಬೀದಿ. ಆ ಮಗುವಿಗೆ ಮಾತಾಡಬೇಕಾದ ಗರಜೇ ಇರಲಿಲ್ಲ.

"ಅಜ್ಜಿ, ಒಂದು ಮಧ್ಯಾಹ್ನ ನೀವು ಬಾಯಿ ಮುಚ್ಚಿಕೊಂಡಿರಿ. ಕೇಳೋ ತನಕ ಏನೂ ಕೊಡಬೇಡಿ" ಅಂದೆ.

ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದರು. ಮಗು ಮಡಕೆ ನೋಡಿತು, ಅಜ್ಜಿಯನ್ನು ನೋಡಿತು. ಅಜ್ಜಿಯ ಕಣ್ಣಲ್ಲಿ ನೀರು. ಈಗ ಮಾತು ಬರುತ್ತದೆ, ಈಗ ಬರುತ್ತದೆ ಅಂತ ನಾನು ಮಗುವಿನ ಬಾಯನ್ನೇ ನೋಡುತ್ತಾ ಕೂತೆ. ಮಗು ಎದ್ದು, ಮೂಲೆಯಲ್ಲಿದ್ದ ಮಣೆ ಎಳೆದು ತಂದು, ಅದರ ಮೇಲೆ ಹತ್ತಿ, ನೀರು ಮೊಗೆದುಕೊಂಡು ಕುಡಿಯಿತು. ಕುಡಿದು, ಅಜ್ಜಿಗೂ ಒಂದು ಲೋಟ ತಂದು ಕೊಟ್ಟಿತು.

ಮಾತು ಬಂದದ್ದು ಎಷ್ಟೋ ವಾರ ಆದ ಮೇಲೆ, ಅಜ್ಜಿ ಸುಮ್ಮನಿರುವುದನ್ನು ರೂಢಿ ಮಾಡಿಕೊಂಡ ಮೇಲೆ. ಗಂಟೆ ಕಟ್ಟಿಸುವ ದಿನ ನನ್ನನ್ನೂ ಕರೆದಿದ್ದರು. ಗುಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಜ್ಜಿ ಹೇಳಿದರು: "ಬಜೆ ತೇದಿದ್ದು ನಾನು, ಕಣ್ ಬುಟ್ಟಿದ್ದು ಅಮ್ಮ. ಈ ಮಗಿ ಪಾಪ, ಏನೂ ಮಾಡ್ಲಿಲ್ಲ, ಬಂದು ಬಂದು ಕೂತ್ಕೊಂಡು ಓಯ್ತಿತ್ತು."

ಲೋಟ

ಬೇರೆಯವರ ಮನೆಯಲ್ಲಿ ಸುಮ್ಮನೆ ಕೂತು ನೋಡುತ್ತಿದ್ದವಳು ನಮ್ಮ ಮನೆಯಲ್ಲಿ ಮಾತ್ರ ಮೇಷ್ಟ್ರು. ದಿನಾ ಸಂಜೆ ಅಪ್ಪನ ಎದುರು ಕೂತು, "ಅಪ್ಪಾ, ಇದು ಲೋಟ. ಹೇಳಪ್ಪ, ಲೋಟ" ಅನ್ನುತ್ತಿದ್ದೆ. ಅಪ್ಪನ ತುಟಿ ಒದ್ದಾಡುತ್ತಿತ್ತು, ಹಣೆ ಬೆವರುತ್ತಿತ್ತು. "ಬಡ್ಡೀಮಗ್ನೆ" ಅನ್ನುತ್ತಿದ್ದ. ತಾನು ಅಂದದ್ದು ತಪ್ಪು ಅಂತ ಅವನಿಗೂ ಗೊತ್ತಾಗುತ್ತಿತ್ತು, ಅದೇ ನೋಡುವುದಕ್ಕೆ ಆಗುತ್ತಿರಲಿಲ್ಲ. ಊರಿನವರ ಹೆಸರನ್ನೆಲ್ಲ ಕೂಗಿದ ಗಂಟಲಿಗೆ ಮನೆಯ ಲೋಟದ ಹೆಸರು ದಾಟುತ್ತಿರಲಿಲ್ಲ. ಒಂದು ಸಂಜೆ ಲೋಟ ಎಸೆದು ಗೋಡೆ ಕಡೆ ತಿರುಗಿ ಕೂತ. ಭುಜ ಅಲುಗುತ್ತಿತ್ತು. ನಾನೂ ಅತ್ತೆ.

ಅವ್ವ ಲೋಟ ಎತ್ತಿ ನೋಡಿ, ಸೊಟ್ಟಗಾದ ಕಡೆ ಬೆರಳಾಡಿಸಿ, ಒಳಗಿಟ್ಟು ಬಂದಳು. "ನಾಳಿಕೆ ಸೌಟು ಕಲ್ಸವ್ವ. ಅದ್ನ ಎಸುದ್ರೂ ಏನಾಗಕಿಲ್ಲ."

ಶಿವನಸಮುದ್ರದ ಗಡಿಯಾರ

ಶಿವನಸಮುದ್ರದ ವಿದ್ಯುತ್ ಕೇಂದ್ರದ ಒಬ್ಬ ಹಳೆಯ ನೌಕರರಿಗೆ ಯಂತ್ರದ ಸದ್ದಿನಲ್ಲಿ ದುಡಿದೂ ದುಡಿದೂ ಕಿವಿ ಮಂದವಾಗಿತ್ತು. ತಮ್ಮ ದನಿ ತಮಗೇ ಕೇಳದೆ ಮನೆಯಲ್ಲೂ ಕಿರುಚುತ್ತಿದ್ದರು. "ನಮ್ಮನೇದು ಒಂದು ಗುಟ್ಟೂ ಉಳೀಲಿಲ್ಲ ಕಣಮ್ಮ. ರಾತ್ರಿ ಇವರು ಏನಂದ್ರು ಅಂತ ಬೆಳಿಗ್ಗೆ ನಲ್ಲಿ ಹತ್ರ ಅಕ್ಕಪಕ್ಕದೋರು ನನಗೇ ಹೇಳ್ತಾರೆ" ಅಂತ ಅವರ ಹೆಂಡತಿ ಅತ್ತರು.

ಹೋದಾಗಲೆಲ್ಲ ಅವರ ಎದುರು ಕೂತು, ಅವರ ಅಂಗೈಯನ್ನು ಅವರ ಎದೆಯ ಮೇಲೇ ಇಡಿಸಿದೆ. ಅದುರು ಜಾಸ್ತಿಯಾದರೆ ದನಿ ಜಾಸ್ತಿ ಅಂತ ತೋರಿಸಿಕೊಟ್ಟೆ. ನಿಧಾನಕ್ಕೆ ದನಿ ಇಳಿಯಿತು. ಹೆಂಡತಿ ನನಗೆ ಹೂವು ಮುಡಿಸಿ, ಮೈಸೂರಿನಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಅಂದರು.

ಮುಂದಿನ ಸಲ ಹೋದಾಗ ಕ್ವಾರ್ಟರ್ಸಿನ ಇಡೀ ಸಾಲು ನನಗಾಗಿ ಕಾದು ನಿಂತಿತ್ತು, ಹೂವು ಯಾರ ಕೈಯಲ್ಲೂ ಇರಲಿಲ್ಲ. ಆ ಮನುಷ್ಯ ಬೆಳಗಿನ ಪಾಳಿಗೆ ಏಳುತ್ತಿದ್ದ ಹಾಗೆ "ಬಿಸಿನೀರು" ಅಂತ ಕಿರುಚುವುದು, ಆ ಕೂಗಿಗೆ ಸಾಲಿನ ಮನೆಗಳೆಲ್ಲ ಒಲೆ ಹಚ್ಚುವುದು, ಮಕ್ಕಳು ಏಳುವುದು, ವರ್ಷಗಳಿಂದ ನಡೆದುಬಂದಿತ್ತಂತೆ. ಈಗ ಮಕ್ಕಳಿಗೆ ಸ್ಕೂಲು ತಪ್ಪುತ್ತಿದೆ, ಗಂಡಸರಿಗೆ ಪಾಳಿ ತಪ್ಪುತ್ತಿದೆ.

ಪಕ್ಕದ ಮನೆಯಾಕೆ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು: "ಚೆನ್ನಾಗಿ ಓಡ್ತಿದ್ದ ಗಡಿಯಾರ ಕೆಡಿಸಿಬುಟ್ಯಲ್ಲವ್ವ, ಇನ್ಯಾರು ಬಂದು ಕೀ ಕೊಡ್ತಾರೆ?"

ಮೂರನೇ ಕೂಗು

ಅಪ್ಪ ನಾನು ಕಾಲೇಜು ಸೇರಿದ ಮೊದಲ ವರ್ಷವೇ ತೀರಿಕೊಂಡ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ನನಗೆ ಮುಂದಕ್ಕೆ ಬರೆಯಲು ಆಗುವುದಿಲ್ಲ.

ಎರಡನೇ ಸಲದ ಸಂದರ್ಶನಕ್ಕೆ ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಅಪ್ಪ ಹಟ ಹಿಡಿದು ಕೋರ್ಟಿನ ಬಿಳಿ ಕೋಟು ಹಾಕಿಸಿಕೊಂಡಿದ್ದ. ಮೈ ಇಳಿದು ಕೋಟು ಜೋಲುತ್ತಿತ್ತು. ಸಂದರ್ಶನದ ಕೋಣೆಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಅವರನ್ನು ಕೂರಿಸಿ, ಅಪ್ಪನ ಮಾತ್ರೆಗೆ ನೀರು ತರಲು ಕಟ್ಟಡದ ಹಿಂದಿನ ನಲ್ಲಿಗೆ ಹೋದೆ.

ಆಗ ಒಳಗಿನಿಂದ ಗುಮಾಸ್ತರು ಹೆಸರು ಓದಿದರಂತೆ, ಮೆಲ್ಲಗೆ: "ಜಯಮ್ಮ, ಮದ್ದೂರು." ಅಪ್ಪ ಎದ್ದು ನಿಂತನಂತೆ. ಎಡಗೈ ಬಾಗಿಲ ಚೌಕಟ್ಟಿಗೆ ಕೊಟ್ಟು, ಹೊರಗೆ ಮುಖ ಮಾಡಿ, ಎದೆ ತುಂಬ ಉಸಿರು ತಗೊಂಡನಂತೆ. ಇದೆಲ್ಲ ಅವ್ವ ಆಮೇಲೆ ಹೇಳಿದ್ದು. ನಾನು ಕೇಳಿದ್ದು ಇಷ್ಟು:

"ಮದ್ದೂರ್ ಜಯಮ್ಮೋ!"

ಮೊದಲನೇ ಕೂಗಿಗೆ ನನಗೆ ಭ್ರಮೆ ಅನ್ನಿಸಿತು. ಎರಡನೆಯದಕ್ಕೆ ಕೈಯಲ್ಲಿದ್ದ ನೀರು ಕಾಲ ಮೇಲೆ ಚೆಲ್ಲಿತು. ಮೂರನೆಯದು ಮುಗಿಯುವ ಮುಂಚೆ ಮುಟ್ಟಲೇಬೇಕು, ಅಷ್ಟೇ ತಲೆಯಲ್ಲಿ. ಸೀರೆ ಎತ್ತಿ ಹಿಡಿದು ಓಡಿದೆ.

"ಮದ್ದೂರ್ ಜಯಮ್ಮೋ! ಹಾಜರಿದ್ದಾರೋ!"

"ಇದ್ದೀನಪ್ಪಾ!" ಅಂತ ಕಿರುಚಿದೆ. ಕೋಣೆ ಕೋಣೆಯಿಂದ ಜನ ಹೊರಗೆ ಬಂದಿದ್ದರು. ಪ್ರೊಫೆಸರು ಬಾಗಿಲಲ್ಲಿ ನಿಂತಿದ್ದರು.

"ಯಾರಮ್ಮ ಇವರು?"

"ನಮ್ಮಪ್ಪ ಸಾರ್. ಹೋದ ವರ್ಷ ಹೇಳಿದ್ದೆನಲ್ಲ, ಮಾತಿಲ್ಲ ಅಂತ."

"ಇವರಿಗೇ ಮಾತಿಲ್ಲ ಅಂದಿದ್ದು?"

ಒಳಗೆ ಕೂರಿಸಿ ಅನುಭವ ಕೇಳಿದರು. ಈ ಸಲ ಅಳಲಿಲ್ಲ. ಕಲಿಸೋಕೆ ಹೋಗಬೇಡ ಅಂತ ನೀವು ಹೇಳಿದ್ದನ್ನು ಹೆಚ್ಚೂಕಡಿಮೆ ಎಲ್ಲರ ಮನೆಯಲ್ಲೂ ಪಾಲಿಸಿದೆ, ನಮ್ಮ ಮನೆಯಲ್ಲಿ ಬಿಟ್ಟು, ಅಂದೆ. ವರ್ಷವೆಲ್ಲ ಎದುರು ಕೂತು ಮಗುವಿನ ಹಾಗೆ ಕಲಿಸಿದರೂ ಬಾರದ ಮಾತು, ಒಂದು ಬಾಗಿಲು, ಒಳಗಿನಿಂದ ಒಂದು ಹೆಸರು ಸಿಕ್ಕ ಕೂಡಲೇ ಬಂತು ಸಾರ್, ಅದು ಅವನ ಕೆಲಸ, ಅಂದೆ. ಸೊಸೆಯ ಔಷಧಿ, ಅಜ್ಜಿಯ ಗಂಟೆ, ಗಡಿಯಾರ, ಮುನ್ಸೀಫರಿಗೆ ಅವ್ವ ಹೇಳಿದ ನಮಸ್ಕಾರ, ಎಲ್ಲ ಹೇಳಿದೆ. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಸೀಟು ಕೊಟ್ಟಿದ್ದೇವೆ ಅಂದರು.

ಆಮೇಲೆ ಅವರೇ ಎದ್ದು ಹೊರಗೆ ಬಂದು ಅಪ್ಪನಿಗೆ ಕೈ ಮುಗಿದರು. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, ಸ್ಪಷ್ಟವಾಗಿ, "ಬಡ್ಡೀಮಗ್ನೆ" ಅಂದ.

ಅವ್ವ ಬಾಯಿ ತೆರೆಯುವ ಮುಂಚೆ ಪ್ರೊಫೆಸರೇ ನಕ್ಕು, "ಗೊತ್ತಾಯ್ತು ತಾಯಿ. ನಮಸ್ಕಾರ ಅಂತ ತಾನೆ?" ಅಂದರು.

"ಇಲ್ಲ ಸ್ವಾಮಿ" ಅಂದಳು ಅವ್ವ. "ಈಗ ಬೈದದ್ದೇಯ. ಓದ್ ವರ್ಸ ನಮ್ ಮಗೀನ ಅಳುಸಿ ವಾಪಸ್ ಕಳುಸುದ್ರಲ್ಲ, ಅದುಕ್ಕೆ."